ಚಿಕ್ಕಪ್ಪನ ರೇಡಿಯೋದ ಒಡಕು ಸ್ವರ

ನಮ್ಮ ಚಿಕ್ಕಪ್ಪ ಕೈ ಹಾಕಿದ ಮೇಲೂ ನೆಟ್ಟಗೆ ನಡೆಯುತ್ತಿರುವ ಯಂತ್ರ ಸಾಗರ ಪೇಟೆಯಲ್ಲಿ ಒಂದಾದರೂ ಇದ್ದರೆ ತೋರಿಸಿ, ಈ ಪ್ರಬಂಧವನ್ನು ಇಲ್ಲಿಗೇ ನಿಲ್ಲಿಸುತ್ತೇನೆ! ಅವರ ಮನೆಯ ಕರೆಗಂಟೆಯನ್ನೇ ನೋಡಿ. ಸದ್ದು ಸಣ್ಣದಾಯಿತೆಂದು ಬಿಚ್ಚಿ ಕಟ್ಟಿದರು. ಆಮೇಲೆ ಬಾಗಿಲಲ್ಲಿ ಗುಂಡಿ ಒತ್ತಿದರೆ ಬಚ್ಚಲುಮನೆಯ ದೀಪ ಹೊತ್ತಿಕೊಳ್ಳತೊಡಗಿತು. ನೆಂಟರು ಬಂದದ್ದು ಸ್ನಾನಕ್ಕೆ ಹೋದವರಿಗೇ ಮೊದಲು ತಿಳಿಯುವ ವ್ಯವಸ್ಥೆ ಬೇರೆ ಯಾರ ಮನೆಯಲ್ಲಿದೆ ಹೇಳಿ?

ಇಂಥವರು ಜೋಗದ ವಿದ್ಯುದಾಗಾರದಲ್ಲಿ ದುಡಿದು ನಿವೃತ್ತರಾದವರು ಎಂದರೆ ಕೇಳಿದವರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಅವರದು ಮೀಟರು ನೋಡಿ ಬರೆದಿಡುವ ಕೆಲಸ, ಅವರ ಕೈಗೆ ಯಾರೂ ಸ್ಪ್ಯಾನರ್ ಕೊಟ್ಟಿರಲಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಇವತ್ತಿಗೂ ನೀರು ನಿಲ್ಲುತ್ತಿರುವುದೇ ಅದಕ್ಕೆ ಸಾಕ್ಷಿ.

ಜೋಗದಲ್ಲಿದ್ದಾಗಲೇ ಚಿಕ್ಕಪ್ಪನಿಗೂ ಅವರ ಗೆಳೆಯರೊಬ್ಬರಿಗೂ ಹ್ಯಾಮ್ ರೇಡಿಯೋ ಹುಚ್ಚು ಹಿಡಿದಿತ್ತು. ಪರೀಕ್ಷೆ ಬರೆದು ಲೈಸೆನ್ಸು ಪಡೆದವರು ಮನೆಯಲ್ಲೇ ಕೂತು, ಯಾರ ತಂತಿಯ ಹಂಗೂ ಇಲ್ಲದೆ ದೂರದೂರದವರೊಡನೆ ಮಾತಾಡುವ ಹವ್ಯಾಸ ಅದು. ಆ ಗೆಳೆಯರಿಗಂತೂ ರೇಡಿಯೋ ಏಕೆ ಬೇಕಿತ್ತೋ! ಟರ್ಬೈನುಗಳು ಮೊರೆಯುತ್ತಿರುವಾಗ ಅವರು ಒಂದು ತುದಿಯಲ್ಲಿ ನಿಂತು ಊಟಕ್ಕೆ ಕರೆದರೆ ಇನ್ನೊಂದು ತುದಿಯಲ್ಲಿ ಚಿಕ್ಕಪ್ಪನಿಗೆ ಕೇಳುತ್ತಿತ್ತಂತೆ. ನಿವೃತ್ತರಾದ ಮೇಲೆ ಅವರು ತಮ್ಮೂರು ತೀರ್ಥಹಳ್ಳಿಗೆ ಹೋದರು, ಇವರು ಸಾಗರಕ್ಕೆ ಬಂದರು. ಚಿಕ್ಕಪ್ಪನ ರೇಡಿಯೋ ಚಿಕ್ಕಪ್ಪನ ರಿಪೇರಿಯಿಂದಲೇ ಸತ್ತಿತು. ಗೆಳೆಯರದು ಮಾತ್ರ ಜೋಪಾನವಾಗಿ ಉಳಿಯಿತು, ಅದಕ್ಕೆ ಇವರು ಕೈ ಹಾಕಿರಲಿಲ್ಲವಲ್ಲ!

ಹೋದ ವರ್ಷ ಆ ಗೆಳೆಯರಿಗೆ ಲಕ್ವ ಹೊಡೆಯಿತು. ಚಿಕ್ಕಪ್ಪ ಹೋಗಿ ನೋಡಿಕೊಂಡು ಬಂದು, “ಅಡ್ಡಿಲ್ಲ, ಓಡಾಡ್ತಾನೆ” ಎಂದಷ್ಟೇ ಹೇಳಿದರು. ಅದಾದ ಮೇಲೆ ಅವರಿಗೆ ಹಳೆಯ ಹುಚ್ಚು ಮತ್ತೆ ಕೆರಳಿತು. ಒಳ್ಳೆಯ ರೇಡಿಯೋವನ್ನೇ ಕೊಳ್ಳಿ ಎಂದು ಮನೆಯವರೆಲ್ಲ ಹೇಳಿದರೂ ಕೇಳದೆ, ಬಿಡಿಭಾಗಗಳ ಕಿಟ್ ತರಿಸಿದರು. ತಾವೇ ಕಟ್ಟಬೇಕಂತೆ!

ಕಿಟ್ ಬಂದ ದಿನವೇ ಚಿಕ್ಕಮ್ಮನ ಒಗ್ಗರಣೆ ಡಬ್ಬಿ ಜಪ್ತಿಯಾಯಿತು. ಸಾಸಿವೆ ಇದ್ದಲ್ಲಿ ಒಂದು ಜಾತಿಯ ಕೆಪಾಸಿಟರ್, ಜೀರಿಗೆ ಇದ್ದಲ್ಲಿ ಇನ್ನೊಂದು, ಮೆಂತೆಯ ಬಟ್ಟಲಲ್ಲಿ ಬಣ್ಣದ ಗೀರಿನ ರೆಸಿಸ್ಟರ್‌ಗಳು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಒಂದು ರೆಸಿಸ್ಟರ್ ಕಾಣೆಯಾದದ್ದು ಗೊತ್ತಾಯಿತು.

“ಯಾರೂ ನುಂಗ್ಬೇಡಿ! ಜಗಿದು ನೋಡಿ!” ಎಂದರು ಚಿಕ್ಕಪ್ಪ.

“ಮೆಂತೆ ಯಾವ್ದು, ನಿಮ್ಮ ಸಾಮಾನು ಯಾವ್ದು ಅಂತ ನಂಗೆಂತ ಗೊತ್ತು ಮಾರಾಯ್ರೆ?” ಎಂದರು ಚಿಕ್ಕಮ್ಮ.

ಕೊನೆಗೆ ಅದು ತಂಬುಳಿಯ ಪಾತ್ರೆಯ ತಳದಲ್ಲಿ ಸಿಕ್ಕಿತು. ತೊಳೆದು, ಒರೆಸಿ, ಬೆಸುಗೆ ಹಾಕಿದರು. ಪುಣ್ಯಕ್ಕೆ ಅದು ಕೆಲಸವನ್ನೂ ಮಾಡಿತು.

ಅಂತೂ ರೇಡಿಯೋ ಮಾತಾಡಿತು. ಆದರೆ ಅದೆಂಥ ಮಾತು! ಬಾಯಿ ತುಂಬ ಎಲೆಯಡಿಕೆಯ ಕವಳ ತುಂಬಿಕೊಂಡು, ಉಗುಳಲು ಜಾಗ ಸಿಗದವರು ಆಡುವಂಥ ಮಾತು. ಇದೇ ಹುಚ್ಚಿನ ಶಿರಸಿಯ ಡಾಕ್ಟರೊಬ್ಬರು ಮಾತಾಡಿದರೂ ಅದೇ ಗೊರಗೊರ, ಮಂಗಳೂರಿನವರು ಮಾತಾಡಿದರೂ ಅದೇ. ಬೆಳಿಗ್ಗೆ ಕಾಫಿಯ ಹೊತ್ತಿಗೆ ತೀರ್ಥಹಳ್ಳಿಯ ಗೆಳೆಯರು ರೇಡಿಯೋದಲ್ಲಿ ಬರುತ್ತಿದ್ದರು, ಅವರದೂ ಅದೇ ಕಥೆ. ಚಿಕ್ಕಪ್ಪ ಮೈಕಿನ ಗುಂಡಿ ಒತ್ತಿ, “ನನ್ನ ಸ್ಪೀಕರ್ ಹಾಳು ಮಾರಾಯ, ಒಡಕು ಕೇಳ್ತದೆ. ಇನ್ನೊಂದ್ಸಲ ಹೇಳು” ಎನ್ನುತ್ತಿದ್ದರು. ಅವರು ಇನ್ನೊಮ್ಮೆ ಹೇಳುತ್ತಿದ್ದರು. ಇವರು ಮತ್ತೆ ಅದನ್ನೇ ಕೇಳುತ್ತಿದ್ದರು. ಕಾಫಿ ಆರಿ ತಣ್ಣಗಾಗುವವರೆಗೆ ಇದೇ ಸಂಭಾಷಣೆ!

ರೇಡಿಯೋ ಬಳಗದವರು ಪರೋಪಕಾರಿಗಳು. ಒಡಕು ಸ್ವರಕ್ಕೆ ಒಬ್ಬೊಬ್ಬರೂ ಒಂದೊಂದು ಔಷಧ ಹೇಳಿದರು. ಆದರೆ ಸ್ಪೀಕರ್ ಸರಿಪಡಿಸುವ ಉಪಾಯವನ್ನು ಆ ಹಾಳು ಸ್ಪೀಕರಿನಲ್ಲೇ ಕೇಳಿಸಿಕೊಳ್ಳಬೇಕಲ್ಲ! ಅರ್ಥವಾದಷ್ಟನ್ನು ಚಿಕ್ಕಪ್ಪ ಮಾಡಿದರು. ಸದ್ದು ದೊಡ್ಡದು ಮಾಡುವ ಚಿಪ್ ಬದಲಿಸಿದರು, ಅಡಾಪ್ಟರ್ ತೆಗೆದು ಬ್ಯಾಟರಿ ಹಾಕಿದರು, ರೇಡಿಯೋವನ್ನು ಸ್ಟೀಲ್ ಡಬ್ಬಿಯಿಂದ ಹಲಸಿನ ಮರದ ಪೆಟ್ಟಿಗೆಗೆ ವರ್ಗ ಮಾಡಿದರು. ಗೊರಗೊರ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ನಾನು ಹೊಸನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವಳು. ದಸರಾ ರಜೆಗೆ ಸಾಗರಕ್ಕೆ ಬಂದವಳಿಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಚಿಕ್ಕಪ್ಪ ಎಲ್ಲವನ್ನೂ ಬದಲಿಸಿದ್ದರು, ಸ್ಪೀಕರ್ ಒಂದನ್ನು ಬಿಟ್ಟು! ಅವರು ಪೇಟೆಗೆ ಹೋದಾಗ ಬಿಚ್ಚಿ ನೋಡಿದೆ. ಕಾಗದದ ಪೊರೆ ನೀಟಾಗಿ ಸೀಳಿತ್ತು. ಅದನ್ನು ತೆಗೆದು ಹೊಸ ಸ್ಪೀಕರ್ ಕೂರಿಸಿಬಿಟ್ಟೆ. ಮನೆಗೆ ಬಂದ ಚಿಕ್ಕಪ್ಪನಿಗೆ ಹಳೆಯದನ್ನು ತೋರಿಸಿದರೆ ಅವರ ಮುಖ ಸಣ್ಣದಾಯಿತು.

“ಇಲಿ ಕಡಿದಿರ್ಬೇಕು” ಎಂದರು.

ಇಷ್ಟು ನೇರವಾಗಿ ಕಡಿಯುವ ಇಲಿ ಸ್ಕೇಲ್ ಇಟ್ಟುಕೊಂಡಿತ್ತೇ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಶಿರಸಿಯ ಡಾಕ್ಟರ ಸ್ವರ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ವಚ್ಛವಾಗಿ ಬಂತು. ನಾನು ಬೀಗಿದೆ. ಅವರ ಬೆನ್ನಿಗೇ ತೀರ್ಥಹಳ್ಳಿಯ ಗೆಳೆಯರು ಬಂದರು. ಅವರ ಮಾತು ಮಾತ್ರ ಹಿಂದಿನಂತೆಯೇ ಇತ್ತು. ಎಳೆದು, ಮುದ್ದೆಯಾಗಿ, ಒಂದು ಶಬ್ದ ಇನ್ನೊಂದರ ಮೇಲೆ ಬಿದ್ದು, ಅರ್ಧಕ್ಕೇ ನಿಲ್ಲುತ್ತಿತ್ತು. ನಾನು ಬೆಪ್ಪಾಗಿ ಚಿಕ್ಕಪ್ಪನ ಮುಖ ನೋಡಿದೆ. ಅವರು ನನ್ನತ್ತ ತಿರುಗಲಿಲ್ಲ. ಮೈಕಿನ ಗುಂಡಿ ಒತ್ತಿ, “ನನ್ನ ಸ್ಪೀಕರ್ ಇನ್ನೂ ಹಾಳೇ ಮಾರಾಯ, ಇನ್ನೊಂದ್ಸಲ...” ಎನ್ನುವಷ್ಟರಲ್ಲಿ ಚಿಕ್ಕಮ್ಮ ಕಾಫಿ ಹಿಡಿದುಕೊಂಡು ಒಳಗೆ ಬಂದರು.

“ಅಯ್ಯೋ, ಸ್ಪೀಕರ್ ಸರಿ ಆಗಿದೆ ಕಣ್ರೀ! ಈಗಷ್ಟೇ ಡಾಕ್ಟ್ರದ್ದು ಎಷ್ಟು ಚೆಂದ ಕೇಳ್ತು!” ಎಂದರು, ತಮ್ಮ ಎಂದಿನ ದೊಡ್ಡ ಗಂಟಲಿನಲ್ಲಿ.

ಚಿಕ್ಕಪ್ಪನ ಬೆರಳು ಗುಂಡಿಯ ಮೇಲೇ ಇತ್ತು. ಅಷ್ಟೂ ಮಾತು ತೀರ್ಥಹಳ್ಳಿಗೆ ಹೋಯಿತು.

ಬೆರಳು ತೆಗೆದರು. ಆ ಕಡೆಯಿಂದ ಬರಿಯ ಸುಯ್ ಎನ್ನುವ ಸದ್ದು. ಕರೆದರು, ಮತ್ತೆ ಕರೆದರು, ಉತ್ತರವಿಲ್ಲ. ಚಿಕ್ಕಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅವನ ನಾಲಿಗೆ ಹೊರಳೋದಿಲ್ಲ ಈಗ” ಎಂದರು. “ಫೋನಲ್ಲಿ ಎಲ್ರೂ ಹಾಂ, ಎಂತ, ಎಂತ ಹೇಳಿದ್ರಿ ಅಂತಾರೆ. ಆಮೇಲೆ ಮನೆಯವ್ರಿಗೆ ಕೊಡಿ ಅಂತಾರೆ. ಅವ ಫೋನ್ ಮುಟ್ಟೋದೇ ಬಿಟ್ಟ. ನಾನು ಹೋದ್ರೂ ಗೋಡೆ ಕಡೆ ತಿರುಗಿ ಕೂತ.”

ಚಿಕ್ಕಮ್ಮ ಕಾಫಿ ಲೋಟ ಹಿಡಿದುಕೊಂಡೇ ನಿಂತಿದ್ದರು.

“ರೇಡಿಯೋದಲ್ಲಿ ಹಂಗಲ್ಲ. ಎಂಥ ದೊಡ್ಡ ಮನುಷ್ಯ ಆದ್ರೂ ಹೇಳಿದ್ದನ್ನೇ ಹೇಳ್ಬೇಕು, ಅಕ್ಷರ ಬಿಡಿಸಿ ಹೇಳ್ಬೇಕು. ಇನ್ನೊಂದ್ಸಲ ಹೇಳಿ ಅನ್ನೋದು ಇಲ್ಲಿ ಮರ್ಯಾದೆ. ತಪ್ಪು ಗಾಳೀದು, ಇಲ್ಲಾಂದ್ರೆ ರೇಡಿಯೋದು. ಮಾತಾಡೋನದ್ದಲ್ಲ.”

“ಹಂಗಾದ್ರೆ ಒಳ್ಳೆ ರೇಡಿಯೋನೇ ತಗೋಬಹುದಿತ್ತಲ್ಲ ಚಿಕ್ಕಪ್ಪ?”

“ಅಂಗಡಿ ರೇಡಿಯೋ ಹಾಳಾಗಿದೆ ಅಂದ್ರೆ ಅವ ನಂಬ್ತಾನಾ? ನಾನು ಕಟ್ಟಿದ್ದು ಅಂದ್ರೆ ಇಡೀ ಜಿಲ್ಲೆ ನಂಬ್ತದೆ! ಸ್ಪೀಕರಿಗೆ ಬ್ಲೇಡ್ ಹಾಕಿದ್ದೂ ನಾನೇ. ಎಲ್ಲರ ಸ್ವರನೂ ಒಡಕು ಕೇಳಿದ್ರೆ ನಿನ್ನ ಚಿಕ್ಕಮ್ಮ ಅವಂದು ಮಾತ್ರ ಯಾಕೆ ಹೀಗೆ ಅಂತ ಕೇಳೋದಿಲ್ಲ ಅಂತ.”

ನಗು ಬಂತು, ನಗುವ ಧೈರ್ಯ ಬರಲಿಲ್ಲ. ಹಳೆಯ ಸ್ಪೀಕರನ್ನೇ ಮತ್ತೆ ಹಾಕಿಕೊಡುತ್ತೇನೆ ಎಂದೆ. “ಇನ್ನೆಂತಕ್ಕೆ” ಎಂದರು.

ಆ ರಜೆಯ ಉಳಿದ ದಿನಗಳು ಬಹಳ ಉದ್ದವಾದವು. ಚಿಕ್ಕಪ್ಪ ಬೆಳಿಗ್ಗೆ ಎದ್ದು, ಶರಟಿನ ಮೇಲಿನ ಗುಂಡಿಯವರೆಗೂ ಹಾಕಿಕೊಂಡು, ಪಕ್ಕದ ಮನೆಗೆ ಹೊರಟವರಂತೆ ಸಿದ್ಧವಾಗಿ ರೇಡಿಯೋ ಮುಂದೆ ಕೂರುತ್ತಿದ್ದರು. “ತೀರ್ಥಹಳ್ಳಿ, ತೀರ್ಥಹಳ್ಳಿ, ಸಾಗರದಿಂದ ಕರೀತಿದೀನಿ.” ಬೇರೆ ಯಾರು ಯಾರೋ ಓಗೊಡುತ್ತಿದ್ದರು. ಅವರಿಗೆಲ್ಲ ನಮಸ್ಕಾರ ಹೇಳಿ ಮತ್ತೆ ಕಾಯುತ್ತಿದ್ದರು. ಜೀವಮಾನದಲ್ಲಿ ಪಿಸುಮಾತು ಆಡದ ಚಿಕ್ಕಮ್ಮ ಆ ಹೊತ್ತಿನಲ್ಲಿ ಮಿಕ್ಸಿ ಹಾಕುತ್ತಿರಲಿಲ್ಲ, ಪಾತ್ರೆ ಮುಟ್ಟುತ್ತಿರಲಿಲ್ಲ, ಬಾಗಿಲಿಗೆ ಒರಗಿ ನಿಂತಿರುತ್ತಿದ್ದರು. ನಡುಮನೆಯ ಫ್ಯಾನು ಕಿರ್ ಕಿರ್ ಅನ್ನತೊಡಗಿತು. ಚಿಕ್ಕಪ್ಪ ತಲೆಯೆತ್ತಿ ಕೂಡ ನೋಡಲಿಲ್ಲ. ಅವರು ಒಂದು ವಸ್ತುವನ್ನು ಹಾಳು ಮಾಡದೆ ಬಿಟ್ಟದ್ದು ಕಂಡು ನನಗೆ ನಿಜಕ್ಕೂ ಹೆದರಿಕೆಯಾಯಿತು.

“ಆ ಟರ್ಬೈನ್ ಸದ್ದಲ್ಲೂ ಅವ ಕರೆದ್ರೆ ಕೇಳ್ತಿತ್ತು ಮಾರಾಯ್ತಿ” ಎಂದರು ಒಮ್ಮೆ. “ಈಗ ಇಷ್ಟು ನಿಶ್ಶಬ್ದ ಇದೆ. ಆದ್ರೂ ಎಂತದೂ ಕೇಳೋದಿಲ್ಲ.”

ನಾನು ಹೊಸನಗರಕ್ಕೆ ಹೊರಡುವ ದಿನ. ಬ್ಯಾಗು ಹೆಗಲಿಗೇರಿಸಿ ಹೇಳಿ ಹೋಗಲು ಒಳಗೆ ಬಂದೆ. ಆಗ ಸ್ಪೀಕರಿನಿಂದ ಯಾರೋ ಉಸಿರು ಎಳೆದುಕೊಂಡ ಸದ್ದು ಬಂತು. ಚಿಕ್ಕಪ್ಪನ ಬೆನ್ನು ನೆಟ್ಟಗಾಯಿತು.

“ಸ್ಪೀ... ಕರ್...” ಎಂದಿತು ಆ ಸ್ವರ. ತುಂಬ ಹೊತ್ತು ತೆಗೆದುಕೊಂಡು, “ಸರಿ... ಆಯ್ತಂತೆ?”

ಚಿಕ್ಕಪ್ಪ ಮೈಕ್ ಎತ್ತಿದರು. ಗುಂಡಿ ಒತ್ತಿದರು.

“ಎಲ್ಲಿ ಸರಿ ಆಗೋದು ಮಾರಾಯ! ನಾನು ರಿಪೇರಿ ಮಾಡಿದ್ದು ಎಂದಾದ್ರೂ ಸರಿ ಆದದ್ದು ನೀ ನೋಡಿದ್ಯಾ?”

 ಆ ಕಡೆಯಿಂದ ನಗು ಬಂತು. ಮಾತಿಗೆ ಹೊಡೆದ ಲಕ್ವ ನಗುವನ್ನು ಮುಟ್ಟಿರಲೇ ಇಲ್ಲ! ತುಂಬಿದ, ದೊಡ್ಡ, ಎಲ್ಲಿಯೂ ಒಡಕಿಲ್ಲದ ನಗು. ಮರದ ಪೆಟ್ಟಿಗೆ ನಡುಗಿತು. ಬಾಗಿಲಲ್ಲಿದ್ದ ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು, ನಗು ಪೂರ್ತಿ ಮುಗಿಯುವವರೆಗೆ ಕಾದು, ಗುಂಡಿ ಒತ್ತಿದರು.

“ಸರಿಯಾಗಿ ಕೇಳಿಸ್ಲಿಲ್ಲ ಮಾರಾಯ. ಇನ್ನೊಂದ್ಸಲ ನಗು.”