ಸುಮ್ಮನೆ ಕೂತಿದ್ದ ಪೆಟ್ಟಿಗೆ

ಮಕ್ಕಳೇ, ಸುಮ್ಮನೆ ಕೂತವರನ್ನು ಕಂಡರೆ ನನಗಾಗುವುದಿಲ್ಲ. ಮನುಷ್ಯರಾದರೂ ಅಷ್ಟೇ, ವಸ್ತುವಾದರೂ ಅಷ್ಟೇ. ಈ ಗುಣದಿಂದಲೇ ಒಮ್ಮೆ ಒಂದು ಇಡೀ ಆಫೀಸಿನ ಮಾನ ಕಳೆಯುವುದರಲ್ಲಿದ್ದೆ. ನಿಮ್ಮ ಅಮ್ಮನಿಗೂ ಇದನ್ನು ಹೇಳಿಲ್ಲ. ನಾಲ್ಕು ಜನರೆದುರು ನನ್ನ ಬಾಯಿ ಕಟ್ಟಿಹೋಗುತ್ತದೆ. ಕಾಗದವಾದರೆ ನನ್ನ ಮುಖ ನೋಡುವುದಿಲ್ಲವಲ್ಲ.

ನಿಮ್ಮ ತಾತ ತೀರಿಕೊಂಡ ಮೇಲೆ, ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷಕ್ಕೆ, ಹಲಸೂರಿನಿಂದ ಇಂದಿರಾನಗರದ ಒಂದು ಆಫೀಸಿಗೆ ಕಾಫಿ ಮಾಡಲು ಹೋಗುತ್ತಿದ್ದೆ. ಯಾರದೋ ಹಳೆಯ ಬಂಗಲೆ. ಅಡುಗೆಮನೆ ನನ್ನದು. ಪಕ್ಕದ ದೇವರಮನೆಯಲ್ಲಿ ಎರಡು ಕಪ್ಪು ಪೆಟ್ಟಿಗೆಗಳನ್ನು ಕೂರಿಸಿದ್ದರು. ನಾನು ಬಹಳ ದಿನ ಚಪ್ಪಲಿ ಬಿಟ್ಟೇ ಒಳಗೆ ಹೋಗಿ ಗುಡಿಸುತ್ತಿದ್ದೆ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ವೈರಿಲ್ಲದೆ ಇಂಟರ್‌ನೆಟ್ ಬರುವಂತೆ ಮಾಡಿಕೊಡುವುದು ಅವರ ಕಸುಬು. ಚಾವಣಿಗೆ ಅಂಟಿಸಿದ ಬಿಳಿ ಡಬ್ಬಿಗಳಿಗೆಲ್ಲ ಈ ಪೆಟ್ಟಿಗೆಯೇ ಯಜಮಾನನಂತೆ.

"ಯಜಮಾನ್ರು ಇಬ್ಬರು ಯಾಕೆ ರೇಖಮ್ಮ?" ಎಂದು ಇಂಜಿನಿಯರ್ ಹುಡುಗಿಯನ್ನು ಕೇಳಿದ್ದೆ.

"ಒಂದು ಕೆಲ್ಸ ಮಾಡತ್ತೆ ಲಕ್ಕಮ್ಮ, ಇನ್ನೊಂದು ಅದನ್ನೇ ನೋಡ್ತಾ ಇರತ್ತೆ. ಇದು ಸತ್ತೋಯ್ತು ಅನ್ನಿ, ತಕ್ಷಣ ಅದು ವಹಿಸ್ಕೊಳ್ಳತ್ತೆ. ಯಾರಿಗೂ ಗೊತ್ತೇ ಆಗಲ್ಲ."

"ಇದು ಸಾಯ್ದೇ ಇದ್ರೆ?"

"ಆಗ ಅದು ಸುಮ್ನೆ ಕೂತಿರತ್ತೆ."

ನನ್ನ ತಲೆಯಲ್ಲಿ ಉಳಿದದ್ದು ಆ ಕೊನೆಯ ಮಾತು ಮಾತ್ರ.

ಒಂದು ಬೆಳಿಗ್ಗೆ ಒಂದು ಆಸ್ಪತ್ರೆಯವರು ಈ ಚಮತ್ಕಾರ ನೋಡಲು ಬರುವವರಿದ್ದರು. ರೇಖಾ ಒಬ್ಬಳೇ ಹೊತ್ತ ಮೊದಲ ಕೆಲಸ ಅದು. "ಇವತ್ತು ಕೆಟ್ರೆ ನನಗೆ ಇನ್ಯಾವ ಕೆಲ್ಸಾನೂ ಕೊಡಲ್ಲ ಲಕ್ಕಮ್ಮ" ಎಂದು ಉಗುರು ಕಚ್ಚುತ್ತಿದ್ದಳು. ಅವರು ಕಾರಿನಿಂದ ಇಳಿಯುವುದಕ್ಕೂ ನನ್ನ ಗ್ಯಾಸ್ ಮುಗಿಯುವುದಕ್ಕೂ ಸರಿಹೋಯಿತು. ಇನ್ನೊಂದು ಸಿಲಿಂಡರ್ ಇರಲಿಲ್ಲ. ಊರಿನಲ್ಲಿ ಒಲೆ ಆರಿದರೆ ನಮ್ಮವ್ವ ಪಕ್ಕದ ಮನೆಯಿಂದ ಕರಟದಲ್ಲಿ ಕೆಂಡ ತರುತ್ತಿದ್ದಳು. ಇಂದಿರಾನಗರದ ಪಕ್ಕದ ಮನೆಯಲ್ಲಿ 'ನಾಯಿ ಇದೆ' ಎಂಬ ಬೋರ್ಡಿತ್ತು. ಉಳಿದದ್ದು ಕರೆಂಟಿನ ಕೆಟಲ್. ಅಡುಗೆಮನೆಯ ಪ್ಲಗ್ ಪಾಯಿಂಟ್ ಕೆಟ್ಟು ತಿಂಗಳಾಗಿತ್ತು. ದೇವರಮನೆಗೆ ಹೋದೆ. ದುಡಿಯುವ ಪೆಟ್ಟಿಗೆಯನ್ನು ಮುಟ್ಟದೆ, ಸೋಮಾರಿ ಪೆಟ್ಟಿಗೆಯ ವೈರ್ ಕಿತ್ತು, ಕೆಟಲ್ ಸಿಕ್ಕಿಸಿ ಹಾಲಿಟ್ಟೆ.

ದುಡಿಯುವ ಪೆಟ್ಟಿಗೆಯ ಸ್ವಿಚ್ಚು ಆಸ್ಪತ್ರೆಯವರು ಕೂತಿದ್ದ ಮುಂದಿನ ಕೋಣೆಯಲ್ಲಿತ್ತು. ರೇಖಾ ಅಲ್ಲಿಂದ, "ಈಗ ಇದನ್ನ ಆಫ್ ಮಾಡ್ತೀನಿ, ನೀವು ನೋಡ್ತಿರೋ ಪೇಜು ಅಲ್ಲಾಡೋದೂ ಇಲ್ಲ" ಎಂದದ್ದು ಕೇಳಿಸಿತು. ಟಪ್ ಎಂದಿತು.

"ನಂದು ಹೋಯ್ತಲ್ಲಮ್ಮ!" ಎಂದರು ಆಸ್ಪತ್ರೆಯ ಹಿರಿಯರು.

"ಏನ್ರೀ ರೇಖಾ, ಟೆಸ್ಟ್ ಮಾಡಿದ್ರೋ ಇಲ್ವೋ?" ಇದು ಮ್ಯಾನೇಜರ್.

"ನಿನ್ನೆ ಮೂರು ಸಲ ಮಾಡಿದೀನಿ ಸರ್..." ಅವಳ ದನಿ ಒಡೆಯಿತು.

ಅಷ್ಟರಲ್ಲಿ ಹಾಲು ಉಕ್ಕಿ ದೇವರಮನೆಯೆಲ್ಲ ಹರಿಯಿತು. ಮೆಲ್ಲಗೆ ವೈರ್ ಮತ್ತೆ ಸಿಕ್ಕಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿಜ ಹೇಳುತ್ತೇನೆ, ಕೈ ಅಲ್ಲಿಯವರೆಗೆ ಹೋಗಿತ್ತು ಕೂಡ. ಆದರೆ ಆ ಒಡೆದ ದನಿ ಕೇಳಿಯೂ ನಿಲ್ಲಲಾಗಲಿಲ್ಲ. ಹಾಲು ಸೋರುವ ಕೆಟಲ್ ಹಿಡಿದೇ ಬಾಗಿಲಲ್ಲಿ ನಿಂತೆ. ಎಂಟು ಜನ ನನ್ನತ್ತ ತಿರುಗಿದರು.

"ಅವಳದೇನೂ ತಪ್ಪಿಲ್ಲ ಸಾರ್. ಅದು ಸುಮ್ನೆ ಕೂತಿತ್ತು. ನಾನೇ ಕಿತ್ತೆ, ಹಾಲು ಕಾಯ್ಸೋಕೆ."

ಹಿರಿಯರು ಹೊಟ್ಟೆ ಹಿಡಿದು ನಕ್ಕರು. "ನಮ್ ಆಸ್ಪತ್ರೇಲಿ ಒಂದೊಂದು ಫ್ಲೋರಲ್ಲೂ ಇಂಥ ಅಮ್ಮ ಒಬ್ರು ಇದಾರೆ ಕಣಮ್ಮ. ಎರಡನೇ ಪೆಟ್ಟಿಗೇನ ಬೇರೆ ರೂಮಲ್ಲಿಟ್ಟು ಬೀಗ ಹಾಕು. ಈಗ ಇನ್ನೊಂದ್ಸಲ ತೋರ್ಸು."

ಎರಡನೆಯ ಸಲ ಯಾರ ಪೇಜೂ ಅಲ್ಲಾಡಲಿಲ್ಲ. ಆಸ್ಪತ್ರೆಯ ಕೆಲಸ ರೇಖಾಳಿಗೆ ಸಿಕ್ಕಿತು. ನನಗೆ ಇನ್ನೊಂದು ಸಿಲಿಂಡರ್ ಬಂತು. ಅದು ಸುಮ್ಮನೆ ಕೂತಿದ್ದರೂ ನಾನು ಏನೂ ಅನ್ನುತ್ತಿರಲಿಲ್ಲ.

ಮುಂದೆ ನಿಮ್ಮಲ್ಲಿ ದೊಡ್ಡವಳು ಹುಟ್ಟಿದಾಗ ಹದಿನೈದು ದಿನ ರಜೆ ಹಾಕಿದೆ. ಕಾಫಿಯನ್ನು ಎದುರು ಆಫೀಸಿನ ಸೆಲ್ವಿಗೆ ವಹಿಸಿದ್ದೆ. ಪಾಪ, ನಾನಿಲ್ಲದೆ ಎಲ್ಲರೂ ಬಾಡಿಹೋಗಿರುತ್ತಾರೆ ಎಂದು ಓಡೋಡಿ ಬಂದರೆ, ರೇಖಾ ಕಂಪ್ಯೂಟರಿನಿಂದ ತಲೆ ಎತ್ತಿ, "ಅಯ್ಯೋ, ನೀವು ರಜೆಲಿದ್ರಾ ಲಕ್ಕಮ್ಮ? ಗೊತ್ತೇ ಆಗ್ಲಿಲ್ಲ!" ಎಂದಳು.

ಅವಳ ವಿದ್ಯೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನನಗೂ ಚೆನ್ನಾಗಿ ಅರ್ಥವಾಯಿತು. ಆದರೂ ಅವತ್ತು ಅವಳ ಕಾಫಿಗೆ ನಾನು ಸಕ್ಕರೆ ಹಾಕಲಿಲ್ಲ.