ಮಂಗಳ ಹಾಡದೆ ಮುಗಿದ ವಿಡಿಯೋ ಗೇಮಿನ ಹಣ ವಾಪಸಾತಿ ಕುರಿತು

ಸಂಖ್ಯೆ: ಆಟ/ಮುಕ್ತಾಯ/ಬೇಸರ/17/1996
ಶಿಬಿರ: ಮಾರಂಡಹಳ್ಳಿ

ವಿಷಯ: ರಾಕ್ಷಸ ಸತ್ತ ಮೇಲೂ ಸಮಾಧಾನವಾಗದವರು ಕೊಟ್ಟ ಹಣ ವಾಪಸು ಕೇಳಬಹುದೇ ಎಂಬ ಬಗ್ಗೆ.

ಉಲ್ಲೇಖ: ಬಸ್ ಸ್ಟ್ಯಾಂಡ್ ಪಕ್ಕದ ಪಳನಿಯಪ್ಪನ್ ಅವರ ವಿಡಿಯೋ ಗೇಮ್ ಅಂಗಡಿಯಲ್ಲಿ ಭಾನುವಾರ ನಡೆದ ಕೂಗಾಟ.

ಶಂಕಗಿರಿ ಲಾರಿಯ ಕ್ಲೀನರ್ ಮುನಿರಾಜು ಎಂಬವರು, ಊರವರು ಸೇರಿ ಹಾಕಿದ ವಂತಿಗೆಯಲ್ಲಿ ಆಡಿ, ಕಡೆಯ ಹಂತದ ರಾಕ್ಷಸನನ್ನು ಎಲ್ಲರ ಸಮ್ಮುಖದಲ್ಲಿ ಕೊಂದಿರುತ್ತಾರೆ. ಆದರೆ ಟಿ.ವಿ.ಯಲ್ಲಿ ಇಂಗ್ಲಿಷಿನ ಎರಡು ಪದ ಬಂದು ಹೋಗಿ, ಆಟ ಮೊದಲಿನಿಂದ ಶುರುವಾಗಿ, ಸದರಿ ರಾಕ್ಷಸ ಮತ್ತೆ ಜೀವಂತನಾಗಿರುವುದು ಕಂಡುಬಂದಿರುತ್ತದೆ. ಮಂಗಳ ಹಾಡಿ ಆರತಿ ಬೆಳಗದೆ ನಾಟಕದ ಮುಂದಿನಿಂದ ಏಳುವ ಪದ್ಧತಿ ಈ ಭಾಗದಲ್ಲಿ ಇಲ್ಲದ ಕಾರಣ, ಬಂದವರಾರೂ ಎದ್ದಿರುವುದಿಲ್ಲ.

ಮುನಿರಾಜು ಅವರ ಅಜ್ಜಿ ಕಾಳಿಯಮ್ಮನವರ ಹೇಳಿಕೆ: "ಏನ್ಲಾ ಪಳನಿಯಪ್ಪಾ, ರಾಕ್ಷಸನ್ನ ಕೊಂದ್ಬುಟ್ಟು ಮಂಗ್ಳ ಹಾಡ್ದೆ ಅಂಗೇ ಎದ್ದು ಓಗಾದಾ? ನಮ್ಮನೇಲಿ ಕುರಿ ಅವೆ, ಮಕ್ಳು ಅವೆ. ಆ ಕೇಡು ನಮ್ಗ್ಯಾಕ್ಲಾ? ಕೊಡು ಕಾಸ!"

ಅಂಗಡಿಯವರ ಹೇಳಿಕೆ: "ಎನ್ನ ಪಾಟ್ಟೀ, ಏನಜ್ಜೀ ಇದು, ಆಟ ಮಾಡ್ದೋನು ನಾನಾ? ಎಲ್ರಿಗೂ ವಾಪಸ್ ಕೊಟ್ರೆ ಟಿ.ವಿ. ಬಾಡ್ಗೆ ಎಲ್ಲಿಂದ ಕಟ್ಲಿ? ಅಂಗ್ಡಿಗೆ ಬೀಗಾನೇ!"

ಉಭಯತ್ರರನ್ನೂ ಕೇಳಿ, ಕೇಳಿ ಸುಸ್ತಾದ ಮೇಲೆ, ಕೆಳಕಂಡಂತೆ ಆದೇಶಿಸಲಾಗಿದೆ:

1. ವಂತಿಗೆ ಕೊಟ್ಟವರು ಹಣ ವಾಪಸು ಪಡೆಯಬಹುದು. ಬಿಟ್ಟಿ ನೋಡಿದವರು ವಾಪಸು ಕೇಳುವುದಿದ್ದಲ್ಲಿ, ಮೊದಲು ಕೊಡತಕ್ಕದ್ದು.

2. ಬೇಸರವನ್ನು ಸ್ಥಳದಲ್ಲೇ ಪರಿಶೀಲಿಸತಕ್ಕದ್ದು. ಟೀ ಅಂಗಡಿಯಲ್ಲಿ ಟೀ ಕುಡಿದು ಮುಗಿಸಿದ ಮೇಲೂ ಗೊಣಗುವವರದ್ದು ಪೂರ್ಣ ಬೇಸರ. ಲೋಟ ಕೈಗೆ ಬಂದೊಡನೆ ಮರೆತವರದ್ದು ಅರ್ಧ. ಬೋಂಡಾ ಸಹ ತಿಂದವರ ಅರ್ಜಿಯನ್ನು ಪರಿಗಣಿಸಲಾಗದು.

3. ಕರೆಂಟ್ ಹೋಗಿ ಆಟ ನಿಂತರೆ ಅದನ್ನು ಮುಕ್ತಾಯವೆಂದು ಭಾವಿಸತಕ್ಕದ್ದಲ್ಲ. ರಾಕ್ಷಸ ಆಗ ಕತ್ತಲಲ್ಲಿ ಇರುತ್ತಾನೆ, ಅಷ್ಟೆ.

4. ಇನ್ನು ಮುಂದೆ ರಾಕ್ಷಸ ಸತ್ತೊಡನೆ, ಅವನು ಮತ್ತೆ ಏಳುವುದರೊಳಗೆ, ಟಿ.ವಿ.ಗೆ ಆರತಿ ಎತ್ತಿ ಮಂಗಳ ಹಾಡತಕ್ಕದ್ದು. ರಾಗ ಎಳೆಯುವವರನ್ನು ಈ ಕೆಲಸಕ್ಕೆ ನೇಮಿಸಬಾರದು. ಕರ್ಪೂರವನ್ನು ಟಿ.ವಿ.ಯ ತಲೆಯ ಮೇಲೆ ಇಡತಕ್ಕದ್ದಲ್ಲ.

5. ಕಲಂ 1ರಂತೆ ಪಳನಿಯಪ್ಪನ್ ಅವರು ಹಣ ಹಿಂತಿರುಗಿಸಿ, ಕಲಂ 4ರಂತೆ ಕಾಳಿಯಮ್ಮನವರು ಆರತಿ ಎತ್ತಿ ಮಂಗಳ ಹಾಡಿದ್ದಾರೆ. ಆರತಿ ತಟ್ಟೆ ಮುಂದೆ ಬಂದಾಗ ಬರಿಗೈಯಲ್ಲಿ ಕಣ್ಣಿಗೊತ್ತಿಕೊಳ್ಳುವುದು ಸರಿಯಲ್ಲವಾದ್ದರಿಂದ, ಎಲ್ಲರೂ ಆಗಷ್ಟೇ ವಾಪಸು ಬಂದ ಕಾಸನ್ನೇ ತಟ್ಟೆಗೆ ಹಾಕಿರುತ್ತಾರೆ. ತಟ್ಟೆಯ ಹಣ ತಟ್ಟೆ ಹಿಡಿದವರದ್ದೇ ಎಂದು ತೀರ್ಮಾನಿಸಲಾಗಿದೆ. ಪಳನಿಯಪ್ಪನ್ ಅವರು ತಲೆಯ ಮೇಲೆ ಕೈ ಹೊತ್ತು ಕುಳಿತದ್ದನ್ನು ಆಕ್ಷೇಪಣೆಯೆಂದು ದಾಖಲಿಸಲಾಗಿದೆ.

6. ತದನಂತರ ಕಾಳಿಯಮ್ಮನವರು ತಟ್ಟೆಯನ್ನು ಸದರಿ ಪಳನಿಯಪ್ಪನ್ ಅವರ ಮೇಜಿನ ಮೇಲೆ ಕುಕ್ಕಿ, "ತಗಾ ಕಾಸ. ಈ ಮುನಿರಾಜಂಗೆ ಸರ್ಯಾಗಿ ಸಾಯ್ಸಕ್ಕೇ ಬರಾಕಿಲ್ಲ, ಅದ್ಕೇ ಅವ್ನು ಎದ್ ಎದ್ ಬತ್ತಾನೆ. ಏಯ್, ಆ ಕುರ್ಚಿ ಬುಡ್ರಲಾ!" ಎಂದಿರುತ್ತಾರೆ. ಆದ್ದರಿಂದ ಅಂಗಡಿ ಮುಚ್ಚುವ ಪ್ರಸ್ತಾಪವನ್ನು ಕೈಬಿಡಲಾಗಿದೆ.

(ಸಹಿ)
ಸುಬ್ಬರಾಯನ್
ಉಪ ಅಧೀಕ್ಷಕರು (ಕಥಾಂತ್ಯಗಳು)

ಪ್ರತಿಗಳು:
1. ಪಳನಿಯಪ್ಪನ್ ಅವರಿಗೆ, ಟಿ.ವಿ.ಗೆ ಮರೆಯಾಗದಂತೆ ಗೋಡೆಗೆ ಅಂಟಿಸಲು.
2. ಟೀ ಅಂಗಡಿಯವರಿಗೆ, ಗೊಣಗಾಟದ ದೃಢೀಕರಣಕ್ಕಾಗಿ.
3. ಮುನಿರಾಜು ಅವರಿಗೆ, ತಮ್ಮ ಸರದಿಗೆ ಕಾಯಲು. ಅಜ್ಜಿ ಇನ್ನೂ ಮೊದಲ ಹಂತದಲ್ಲಿದ್ದಾರೆ.