ಅರ್ಜಿ ಕೊಟ್ಟು ಗಾಂಜಾ ಬೆಳೆಯಹೊರಟವನು

ಸರ್ಕಾರಕ್ಕೆ ಅರ್ಜಿ ಕೊಟ್ಟು ಗಾಂಜಾ ಬೆಳೆಯಹೊರಟ ಏಕೈಕ ಮಹಾನುಭಾವ ನನ್ನ ಹೆಂಡತಿಯ ತಮ್ಮ. ಹೆಸರು ಹೇಳುವುದಿಲ್ಲ, ಹೇಳಿದರೆ ಅವನಿಗೆ ಸಂತೋಷವಾಗುತ್ತದೆ! ನನ್ನ ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಬಂದು, ಮದುಮಗನಾದ ನನ್ನ ಎಲೆಯನ್ನೇ ದಾಟಿ ಹೋದವನು. ನಲವತ್ತೊಂದು ವರ್ಷವಾಯಿತು. ಅದನ್ನು ನಾನೇನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ, ನೆನಪಿದೆ, ಅಷ್ಟೆ.

ಈ ವರ್ಷ ನನ್ನ ಹೆಂಡತಿಗೆ ಕ್ಯಾನ್ಸರ್ ಚಿಕಿತ್ಸೆ ಆರಂಭವಾಯಿತು. ಉಂಡದ್ದು ಒಂದೂ ನಿಲ್ಲುತ್ತಿರಲಿಲ್ಲ. "ಗಾಂಜಾದಿಂದ ತೆಗೆದ ಔಷಧಿ ಕೆಲವರ ವಾಂತಿಯನ್ನು ತಗ್ಗಿಸುವುದುಂಟು; ರೋಗವನ್ನಲ್ಲ. ನೀವಾಗಿ ಏನನ್ನೂ ಕೊಡಬಾರದು" ಎಂದರು ವೈದ್ಯರು. ನಾನು ಕೊನೆಯ ಮಾತನ್ನು ಕೇಳಿಸಿಕೊಂಡೆ, ಜೊತೆಗೆ ಬಂದಿದ್ದ ಅವಳ ತಮ್ಮ ಮೊದಲನೆಯದನ್ನು. ದೋರನಹಳ್ಳಿಯ ತನ್ನ ಹೊಲದ ಪಹಣಿ ಹಿಡಿದು, ನನ್ನನ್ನೂ ಎಳೆದುಕೊಂಡು, ಯಾದಗಿರಿಯ ಕಚೇರಿಯೊಂದಕ್ಕೆ ಹೋದ. ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿದ.

"ಯಜಮಾನ್ರ, ಬೆಳಿಯೋರು ಯಾರೂ ಅರ್ಜಿ ಕೊಡಂಗಿಲ್ರಿ. ಅರ್ಜಿ ಕೊಟ್ಟೋರಿಗೆ ಬೆಳ್ಯಾಕ ಬಿಡಂಗಿಲ್ಲ. ನೀವು ಯಾವ ಪೈಕಿ?"

ಕಚೇರಿಯೇ ನಕ್ಕಿತು. ಭೂಮಾಪನ ಇಲಾಖೆಯಿಂದ ಮಾನವಾಗಿ ನಿವೃತ್ತನಾದ ನಾನು ಅಲ್ಲೇ ಘೋಷಿಸಿದೆ: "ಇನ್ನ ಮ್ಯಾಲ ನಿನ್ನ ಹೊಲದ ಒಂದು ಎಲಿ ನನ್ನ ಹೊಸ್ತಿಲ ದಾಟಬಾರ್ದು!"

ಹದಿನೈದು ದಿನ ಕಳೆಯಿತು. ಸುರಪುರದ ನಮ್ಮ ಮನೆಯಲ್ಲಿ ಹೆಂಡತಿ ಅರ್ಧ ರೊಟ್ಟಿ ತಿಂದಳು, ಅದು ನಿಂತಿತು! ಮೂರು ದಿನ ಬಿಟ್ಟು ಮತ್ತೆ ನಿಂತಿತು. ದಿನಾಂಕ ಬರೆದಿಟ್ಟು ನೋಡಿದೆ: ತಮ್ಮ ಬಂದು ಹೋದ ದಿನಗಳಲ್ಲಿ ಮಾತ್ರ! ಏನಿದರ ಅರ್ಥ? ಕೇಳಿದರೆ ಅಕ್ಕ ತಮ್ಮ ಇಬ್ಬರೂ ಗೋಡೆ ನೋಡುತ್ತಾರೆ.

ಪತ್ರಿಕೆಯಿಂದ ಕತ್ತರಿಸಿದ ಗಾಂಜಾ ಎಲೆಯ ಚಿತ್ರವನ್ನು ಜೇಬಿನಲ್ಲಿಟ್ಟುಕೊಂಡು ಶಹಾಪುರದ ಬಸ್ಸು ಹತ್ತಿದೆ. ಅಲ್ಲಿಂದಾಚೆ ದೋರನಹಳ್ಳಿಯ ಅವನ ಹೊಲದಲ್ಲಿ, ಹತ್ತಿಯ ಹಿಂದೆ ಮರೆಯಾಗಿ, ನಾಲ್ಕು ಸಾಲು ಪುಂಡಿ ಸೊಪ್ಪು. ಪುಂಡಿಯ ಎಲೆಯೂ ಗಾಂಜಾದಂತೆ ಬೆರಳು ಬಿಟ್ಟಿರುತ್ತದೆ. ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗವುಂಟೆ? ಪುಂಡಿಯಾದರೆ ಹುಳಿಯಿರಬೇಕು. ಗಿಡಕ್ಕೊಂದು ಎಲೆಯಂತೆ ಅಗಿಯುತ್ತ ಹೊರಟೆ. ಹುಳಿ. ಹುಳಿ. ಇದೂ ಹುಳಿ! ಮೂರನೆಯ ಸಾಲಿಗೆ ಹಲ್ಲು ಜುಮ್ಮೆಂದವು.

"ಮಾಮಾ, ಮೇಯೂದು ಮುಗೀತಾ? ನೀರು ಕುಡಸ್ಲೇನು?"

ಹಿಂದೆ ಅವನೇ!

"ಗಾಂಜಾ ಎಲ್ಲೈತಿ?" ಎಂದೆ.

"ಅರ್ಜಿಗೆ ಜವಾಬ್ ಇನ್ನಾ ಬಂದಿಲ್ಲಲ್ರೀ! ಇನ್ನೊಂದು ಬರ್ದು ಜೇಬಿನ್ಯಾಗ ಇಟ್ಟೀನಿ. ಪರವಾನಗಿ ಇಲ್ದ ಬೀಜ ಹಾಕಿ ನಾ ಒಳಗ ಕುಂತ್ರ, ಅಕ್ಕನ್ನ ನೋಡಾಕ ಬರೋರು ಯಾರು?"

"ಮತ್ತ ಆಕಿಗೆ ಏನು ಕೊಡಾಕತ್ತಿ?"

"ಪುಂಡಿಪಲ್ಯ. ಬಾಯಿಗೆ ಹುಳಿ ಒಂದ ಹಿಡಸ್ತೈತಂತ. ಇಲ್ಲೇ ಕುದಿಸಿ ಡಬ್ಬ್ಯಾಗ ತರ್ತೀನಿ. ಎಲಿ ದಾಟಬಾರ್ದು ಅಂದಿದ್ರಿ, ಪಲ್ಯ ಅಂದಿದ್ದಿಲ್ಲ." ಎಲೆಯೊಂದನ್ನು ಕಿತ್ತು ಹೇಳಿದ: "ಆಕಿ ಭಾಳ ಸೊರಗ್ಯಾಳ್ರಿ ಮಾಮಾ."

ನಾನು ಹೆಗಲಿನ ಟವೆಲ್ ಹಾಸಿದೆ. ಇಬ್ಬರೂ ಬಗ್ಗಿ ಎಳೆಯ ಎಲೆ ಕಿತ್ತು ತುಂಬಿದೆವು. ಯಾದಗಿರಿಯ ಕಚೇರಿಗೆ ಕೊಡಲು ಅವನು ಜೇಬಿನಲ್ಲಿಟ್ಟಿದ್ದ ಎರಡನೆಯ ಅರ್ಜಿಯನ್ನು ಕೇಳಿ ಪಡೆದು, ಅವನ ಸಹಿಯ ಕೆಳಗೆ ನನ್ನದನ್ನೂ ಹಾಕಿದೆ. ಗಂಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು, ನನ್ನ ಹೊಸ್ತಿಲನ್ನು ನಾನೇ ದಾಟಿಸಿದೆ.

ಹೆಂಡತಿ ಗಂಟು ನೋಡಿದಳು. ನನ್ನ ಮುಖ ನೋಡಿದಳು.

"ಅವನ ಮುಂದ ಮತ್ತ ಹೋಳಿಗಿ ಮಾತ ತಗದ್ರೇನು?"

"ಇಲ್ಲ," ಎಂದೆ. "ಇವತ್ತ ನೆನಪಾಗ್ಲಿಲ್ಲ."